ಮೈದಾನ ಎಲ್ಲರದ್ದು ಅಂತೀರಿ, ಗೇಟಿನ ಬೀಗದ ಕೈ ಯಾರ ಹತ್ತಿರ?

ಅಮೆರಿಕದ ಕಾಲೇಜು ಬೇಸ್‌ಬಾಲ್ ಸ್ಟೇಡಿಯಂ, ಮೈಸೂರು ವಿಶ್ವವಿದ್ಯಾಲಯದ ಕ್ರಿಕೆಟ್ ಅಂಗಳ, ಮೂಡುಬಿದಿರೆಯ ಸಿಂಥೆಟಿಕ್ ಟ್ರ್ಯಾಕ್: ಮೂರರ ಲೆಕ್ಕಾಚಾರ ಬೇರೆ ಬೇರೆ. ಆದರೆ ಮೂರನ್ನೂ ಕೇಳಬೇಕಾದ ಪ್ರಶ್ನೆ ಒಂದೇ.

2020ರ ಜನವರಿ 2ರಿಂದ 6ರವರೆಗೆ ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ ಅಖಿಲ ಭಾರತ ಅಂತರ್ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟ ನಡೆಯಿತು. ದೇಶದ ಮೂಲೆಮೂಲೆಯ ವಿಶ್ವವಿದ್ಯಾಲಯಗಳ ಓಟಗಾರರು, ಜಿಗಿತಗಾರರು, ಎಸೆತಗಾರರು ಬಂದಿದ್ದರು. ಅದಾಗಿ ಒಂದು ತಿಂಗಳೂ ಕಳೆದಿರಲಿಲ್ಲ. ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ, ಮೂಡುಬಿದಿರೆ ಹತ್ತಿರದ ಅಶ್ವತ್ಥಪುರದ ಶ್ರೀನಿವಾಸ ಗೌಡ ಎಂಬ ಕಟ್ಟಡ ಕಾರ್ಮಿಕ ಕೋಣಗಳ ಜೊತೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ವಿಡಿಯೊ ಎಲ್ಲೆಡೆ ಹರಿದಾಡಿತು. ಜನ ಉಸೇನ್ ಬೋಲ್ಟ್ ಜೊತೆ ಹೋಲಿಸಿದರು. ಕೇಂದ್ರ ಕ್ರೀಡಾ ಸಚಿವರು ಟ್ರಯಲ್ಸ್‌ಗೆ ಕರೆದರು. ಗೌಡರು ಬೇಡ ಅಂದರು. ಕಂಬಳದ ಓಟವೇ ಬೇರೆ, ಟ್ರ್ಯಾಕ್ ಓಟವೇ ಬೇರೆ ಅಂತ ಅವರೇ ಬಿಡಿಸಿ ಹೇಳಿದರು.

ಬೋಲ್ಟ್ ಹೋಲಿಕೆ ಅರ್ಥವಿಲ್ಲದ್ದು, ಬಿಡಿ. ಕೆಸರುಗದ್ದೆಯಲ್ಲಿ ಕೋಣಗಳ ವೇಗ ಓಡಿಸುವವನನ್ನೂ ಎಳೆಯುತ್ತೆ. ನಿಜವಾಗಿ ಯೋಚಿಸಬೇಕಾದ್ದು ಬೇರೆ ಇದೆ. ಒಂದೇ ಸೀಮೆಯಲ್ಲಿ, ಒಂದೇ ತಿಂಗಳ ಅಂತರದಲ್ಲಿ, ಒಂದು ಕಡೆ ಕಾಲೇಜಿನ ಗುರುತಿನ ಚೀಟಿ ಇದ್ದವರ ಓಟ, ಇನ್ನೊಂದು ಕಡೆ ಅದು ಇಲ್ಲದವರ ಓಟ. ನಡುವೆ ಒಂದು ಗೇಟು. ಆ ಗೇಟನ್ನು ಯಾರಿಗೆ, ಯಾವಾಗ, ಯಾವ ನಿಯಮದಡಿ ತೆರೀತಾರೆ ಅನ್ನೋದು ಕ್ರೀಡೆಯ ಪ್ರಶ್ನೆಯಷ್ಟೇ ಅಲ್ಲ, ಅದು ಶುದ್ಧ ರಾಜಕೀಯದ ಪ್ರಶ್ನೆ.

ಇದನ್ನು ಅರ್ಥ ಮಾಡಿಕೊಳ್ಳೋಕೆ ಸ್ವಲ್ಪ ದೂರ ಹೋಗಿ ಬರೋಣ. ವಿಶ್ವವಿದ್ಯಾಲಯದ ಸ್ಟೇಡಿಯಂ ಅನ್ನೋದು ದೊಡ್ಡ ಉದ್ಯಮವೇ ಆಗಿರುವ ದೇಶ ಅಮೆರಿಕ. ಅಲ್ಲಿಂದಲೇ ಶುರು ಮಾಡೋಣ.

ಕಾಲೇಜು ಹುಡುಗರ ಆಟಕ್ಕೆ ಹತ್ತು ಸಾವಿರ ಸೀಟು

ಅಮೆರಿಕದ ಲೂಸಿಯಾನ ರಾಜ್ಯದಲ್ಲಿ ಲೂಸಿಯಾನ ಸ್ಟೇಟ್ ಯೂನಿವರ್ಸಿಟಿ ಅಂತ ಒಂದು ಸರ್ಕಾರಿ ವಿಶ್ವವಿದ್ಯಾಲಯ ಇದೆ. ಅದರ ಬೇಸ್‌ಬಾಲ್ ಅಂಗಳದ ಹೆಸರು ಅಲೆಕ್ಸ್ ಬಾಕ್ಸ್ ಸ್ಟೇಡಿಯಂ. ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದಲ್ಲಿ ಸತ್ತ ಅಲ್ಲಿನ ಹಳೆ ವಿದ್ಯಾರ್ಥಿ, ಬೇಸ್‌ಬಾಲ್ ಆಟಗಾರನ ಹೆಸರದು. ಈಗಿರುವ ಸ್ಟೇಡಿಯಂ 2009ರಲ್ಲಿ ತೆರೆದದ್ದು. ಸೀಟುಗಳು 10,326. ಪಕ್ಕದ ರಾಜ್ಯದ ಮಿಸಿಸಿಪ್ಪಿ ಸ್ಟೇಟ್ ಯೂನಿವರ್ಸಿಟಿಯ ಡೂಡಿ ನೋಬಲ್ ಫೀಲ್ಡ್ ಇನ್ನೂ ದೊಡ್ಡದು. ಅದನ್ನು 2019ರ ಹೊತ್ತಿಗೆ ಸುಮಾರು 6.8 ಕೋಟಿ ಡಾಲರ್ ಸುರಿದು ನವೀಕರಿಸಿದರು. ಎಡಬದಿಯ ಬೌಂಡರಿ ಆಚೆ ಬಾಲ್ಕನಿಯಲ್ಲಿ ಕೂತೇ ಆಟ ನೋಡಬಹುದಾದ ಫ್ಲ್ಯಾಟುಗಳೂ ಇವೆ.

ಇದು ವೃತ್ತಿಪರ ಲೀಗ್ ಅಲ್ಲ, ಕಾಲೇಜು ವಿದ್ಯಾರ್ಥಿಗಳ ಆಟ. ವರ್ಷದ ಕೊನೆಯ ಹಂತದ ಪಂದ್ಯಾವಳಿಗೆ ಅವರು ಕೊಟ್ಟ ಹೆಸರು 'ಕಾಲೇಜ್ ವರ್ಲ್ಡ್ ಸೀರೀಸ್'. 1950ರಿಂದಲೂ ಅದು ನಡೆಯೋದು ಒಮಾಹಾ ಎಂಬ ಒಂದೇ ನಗರದಲ್ಲಿ. ಅದಕ್ಕಾಗಿ 2011ರಲ್ಲಿ ಸುಮಾರು 24 ಸಾವಿರ ಸೀಟಿನ ಹೊಸ ಸ್ಟೇಡಿಯಂ ತಲೆಯೆತ್ತಿತು. ಪಂದ್ಯಾವಳಿ 2035ರವರೆಗೆ ಊರು ಬಿಟ್ಟು ಹೋಗಬಾರದು ಅಂತ ಒಪ್ಪಂದವನ್ನೂ ಮಾಡಿಕೊಂಡರು.

ಬೇಸ್‌ಬಾಲ್‌ಗೇ ಪ್ರತ್ಯೇಕ ಅಂಗಳ ಯಾಕೆ ಬೇಕು? ನಮ್ಮ ಕಾಲೇಜು ಮೈದಾನದಲ್ಲಿ ಬೆಳಿಗ್ಗೆ ವಾಲಿಬಾಲ್, ಸಂಜೆ ಕಬಡ್ಡಿ, ಭಾನುವಾರ ಕ್ರಿಕೆಟ್ ಆಡ್ತೀವಿ. ಬೇಸ್‌ಬಾಲ್‌ಗೆ ಅದು ಕಷ್ಟ. ಚೌಕವನ್ನು ಓರೆಯಾಗಿ ಇಟ್ಟ ಹಾಗೆ ನಾಲ್ಕು ಬೇಸ್‌ಗಳು, ಒಂದರಿಂದ ಇನ್ನೊಂದಕ್ಕೆ 90 ಅಡಿ. ನಡುವೆ ಚೆಂಡು ಎಸೆಯುವವನಿಗೆ ಮಣ್ಣಿನ ದಿಬ್ಬ. ಬ್ಯಾಟು ಹಿಡಿದವನಿಂದ ಅದು 60 ಅಡಿ 6 ಇಂಚು ದೂರ. ಒಳಗೆ ಕೆಮ್ಮಣ್ಣು, ಹೊರಗೆ ಹುಲ್ಲು, ಅದರಾಚೆ ಬೇಲಿ. ದಿಬ್ಬ ಏರಿಸಿದ ಮೇಲೆ ಅಲ್ಲಿ ಬೇರೆ ಆಟ ಆಡೋದು ಸುಲಭವಲ್ಲ. ಹಾಗಾಗಿ ಬೇಸ್‌ಬಾಲ್ ಸ್ಟೇಡಿಯಂ ಕಟ್ಟೋದು ಅಂದ್ರೆ ಒಂದಿಷ್ಟು ಎಕರೆ ಜಾಗವನ್ನು ಒಂದೇ ಆಟದ ಹೆಸರಿಗೆ ಬರೆದುಕೊಟ್ಟ ಹಾಗೆ. ಅಲ್ಲೇ ಪಾಲಿನ ಪ್ರಶ್ನೆ ಹುಟ್ಟಿಕೊಳ್ಳುತ್ತೆ.

ಈ ಲೆಕ್ಕದಲ್ಲಿ ಆಟಗಾರನ ಪಾಲು ಎಷ್ಟು ಗೊತ್ತಾ? ಮೊನ್ನೆ ಮೊನ್ನೆಯವರೆಗೂ ಒಂದು ವಿಶ್ವವಿದ್ಯಾಲಯ ತನ್ನ ಇಡೀ ಬೇಸ್‌ಬಾಲ್ ತಂಡಕ್ಕೆ ಕೊಡಬಹುದಾಗಿದ್ದ ಸ್ಕಾಲರ್‌ಶಿಪ್ 11.7 ಮಾತ್ರ. ಹನ್ನೆರಡೂ ಅಲ್ಲ. ಅದನ್ನೇ ತುಂಡು ತುಂಡು ಮಾಡಿ ಇಪ್ಪತ್ತಕ್ಕೂ ಹೆಚ್ಚು ಹುಡುಗರಿಗೆ ಹಂಚುತ್ತಿದ್ದರು. ಹತ್ತು ಸಾವಿರ ಜನ ಟಿಕೆಟ್ ಕೊಂಡು ನೋಡುವ ಆಟದಲ್ಲಿ ಆಡುವವನಿಗೆ ಪೂರ್ತಿ ಫೀಸೂ ಮಾಫಿ ಇಲ್ಲ. ವಿದ್ಯಾರ್ಥಿ ಆಟಗಾರರು ವರ್ಷಗಟ್ಟಲೆ ಕೋರ್ಟಿಗೆ ಅಲೆದ ಮೇಲೆ, 2025ರ ಜೂನ್‌ನಲ್ಲಿ ಆದ ಒಂದು ದೊಡ್ಡ ರಾಜಿ ಒಪ್ಪಂದದಿಂದ ಈ ಮಿತಿ ಹೋಯಿತು. ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು ಅಂತಾಯಿತು.

ಒಂದೇ ವರ್ಷ ಎರಡು ಸ್ಟೇಡಿಯಂ, ಸುಮ್ಮನೆ ಆದದ್ದಲ್ಲ

ಲೂಸಿಯಾನದ ಕಥೆಯಲ್ಲಿ ನಮಗೆ ಬೇಕಾದ ಭಾಗ ಈಗ ಬರುತ್ತೆ. 2009ರಲ್ಲಿ ಆ ವಿಶ್ವವಿದ್ಯಾಲಯ ಹುಡುಗರ ಬೇಸ್‌ಬಾಲ್ ಸ್ಟೇಡಿಯಂ ಒಂದನ್ನೇ ತೆರೆಯಲಿಲ್ಲ. ಅದೇ ವರ್ಷ ಟೈಗರ್ ಪಾರ್ಕ್ ಎಂಬ ಹೊಸ ಸಾಫ್ಟ್‌ಬಾಲ್ ಸ್ಟೇಡಿಯಂ ಅನ್ನೂ ತೆರೆಯಿತು. ಅಲ್ಲಿನ ಕಾಲೇಜುಗಳಲ್ಲಿ ಸಾಫ್ಟ್‌ಬಾಲ್ ಅಂದ್ರೆ ಹೆಣ್ಣುಮಕ್ಕಳ ಆಟ.

ಹಿಂದಕ್ಕೆ ಹೋಗಿ ನೋಡಿ. 1990ರ ದಶಕದ ಮೊದಲ ಭಾಗದಲ್ಲಿ ಅಲ್ಲಿ ಹೆಣ್ಣುಮಕ್ಕಳಿಗೆ ಸಾಫ್ಟ್‌ಬಾಲ್ ತಂಡವೇ ಇರಲಿಲ್ಲ. 1994ರಲ್ಲಿ ಕೆಲವು ವಿದ್ಯಾರ್ಥಿನಿಯರು ಕೇಸು ಹಾಕಿದರು. ಅವರ ಕೈಲಿದ್ದ ಅಸ್ತ್ರ 1972ರ 'ಟೈಟಲ್ ನೈನ್' ಕಾನೂನು. ಅದರ ಮುಖ್ಯ ವಾಕ್ಯ ಇಂಗ್ಲಿಷಿನಲ್ಲಿ ಬರೀ 37 ಪದ. ಸರಳವಾಗಿ ಹೇಳೋದಾದ್ರೆ, ಕೇಂದ್ರ ಸರ್ಕಾರದ ಹಣ ಪಡೆಯುವ ಯಾವುದೇ ಶಿಕ್ಷಣ ಕಾರ್ಯಕ್ರಮದಲ್ಲಿ ಲಿಂಗದ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ, ಯಾರಿಗೂ ಕಡಿಮೆ ಸೌಲಭ್ಯ ಕೊಡುವಂತಿಲ್ಲ. ಆ ಕಾನೂನಿನಲ್ಲಿ ಕ್ರೀಡೆ ಎಂಬ ಪದವೇ ಇಲ್ಲ. ಆದರೆ ಕಾಲೇಜು ಮೈದಾನಗಳನ್ನು ಅದು ಬದಲಿಸಿದಷ್ಟು ಬೇರೆ ಯಾವುದೂ ಬದಲಿಸಿಲ್ಲ.

ಕೇಸು ನಡೆಯುತ್ತಿದ್ದಾಗಲೇ, 1997ರಲ್ಲಿ ತಂಡ ಶುರುವಾಯಿತು. 2000ನೇ ಇಸವಿಯಲ್ಲಿ ಮೇಲ್ಮನವಿ ನ್ಯಾಯಾಲಯ, ವಿಶ್ವವಿದ್ಯಾಲಯ ಹೆಣ್ಣುಮಕ್ಕಳ ವಿರುದ್ಧ ಬೇಕೆಂದೇ ತಾರತಮ್ಯ ಮಾಡಿದೆ ಅಂತ ತೀರ್ಪು ಕೊಟ್ಟಿತು. ಒಂಬತ್ತು ವರ್ಷಗಳ ನಂತರ ಎರಡು ಸ್ಟೇಡಿಯಂಗಳು ಒಟ್ಟಿಗೇ ತೆರೆದವು.

ಅಂದ್ರೆ, ಮೈದಾನದಲ್ಲಿ ಪಾಲು ಸಿಕ್ಕಿದ್ದು ಆಡಳಿತ ಮಂಡಳಿಯ ಒಳ್ಳೇತನದಿಂದ ಅಲ್ಲ. ಬರೆದಿಟ್ಟ ನಿಯಮ ಇತ್ತು, ಅದನ್ನು ಹಿಡಿದು ಜಗಳ ಮಾಡುವ ವಿದ್ಯಾರ್ಥಿನಿಯರಿದ್ದರು. ನಮ್ಮಲ್ಲಿ ಕಾಲೇಜು ಕ್ರೀಡೆಗೆ ಅಂಥ ಒಂದು ಕಾನೂನು ಇಲ್ಲ.

ನಮ್ಮ ವಿಶ್ವವಿದ್ಯಾಲಯಗಳು ಆಡೋದೆಲ್ಲಿ?

ನಮ್ಮ ಕಡೆಯ ವ್ಯವಸ್ಥೆಯ ಕಟ್ಟೋಣವೇ ಬೇರೆ. ಮಂಗಳೂರು ವಿಶ್ವವಿದ್ಯಾಲಯ 1980ರಲ್ಲಿ ಹುಟ್ಟಿದ್ದು, ಕ್ಯಾಂಪಸ್ ಇರೋದು ಕೊಣಾಜೆಯಲ್ಲಿ. ಆದರೆ ಅದರ ಬಹುಪಾಲು ವಿದ್ಯಾರ್ಥಿಗಳು ಓದೋದು ಊರೂರಿನ ಸಂಯೋಜಿತ ಕಾಲೇಜುಗಳಲ್ಲಿ. ವಿಶ್ವವಿದ್ಯಾಲಯದ ತಂಡ ಅಂದ್ರೆ ಈ ಕಾಲೇಜುಗಳಿಂದ ಆರಿಸಿದ ತಂಡ. ಹುಡುಗ ಓದುವುದು, ಉಣ್ಣುವುದು, ಅಭ್ಯಾಸ ಮಾಡುವುದು ಕಾಲೇಜಿನಲ್ಲಿ. ಅಂಗಿಯ ಮೇಲಿನ ಹೆಸರು ಮಾತ್ರ ವಿಶ್ವವಿದ್ಯಾಲಯದ್ದು.

ಅಂತರ್ ವಿಶ್ವವಿದ್ಯಾಲಯ ಪಂದ್ಯಗಳನ್ನು ನಡೆಸೋದು ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟ. ಅದರ ಪಟ್ಟಿಯಲ್ಲಿ ಬೇಸ್‌ಬಾಲ್, ಸಾಫ್ಟ್‌ಬಾಲ್ ಎರಡೂ ಇವೆ. ಆದರೆ ಅವಕ್ಕಂತಲೇ ಕಟ್ಟಿದ ಅಂಗಳಗಳು ತೀರಾ ಅಪರೂಪ. ಇದ್ದ ಬಯಲಲ್ಲೇ ಸುಣ್ಣದ ಗೆರೆ ಎಳೆದು ಆಡೋದೇ ಹೆಚ್ಚು.

ಹಾಗಾಗಿ ಇಲ್ಲಿ ಸ್ಟೇಡಿಯಂ ಬೇಕು ಅಂದಾಗ ಎರಡು ದಾರಿ ಕಾಣಿಸುತ್ತೆ. ಒಂದು, ವಿಶ್ವವಿದ್ಯಾಲಯದ ಜಾಗಕ್ಕೆ ಹೊರಗಿನವರು ಬರೋದು. ಇನ್ನೊಂದು, ಕಾಲೇಜು ಊರಿನ ಮೈದಾನಕ್ಕೆ ಹೋಗೋದು. ಮೈಸೂರು ಮೊದಲನೆಯದಕ್ಕೆ ಉದಾಹರಣೆ, ಮೂಡುಬಿದಿರೆ ಎರಡನೆಯದಕ್ಕೆ.

ಜಾಗ ವಿಶ್ವವಿದ್ಯಾಲಯದ್ದು, ಆಟ ಕ್ರಿಕೆಟ್ ಸಂಸ್ಥೆಯದ್ದು

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಗಂಗೋತ್ರಿ ಗ್ಲೇಡ್ಸ್ ಕ್ರಿಕೆಟ್ ಪ್ರಿಯರಿಗೆ ಗೊತ್ತಿರುವ ಹೆಸರು. ಈಗ ಅದಕ್ಕೆ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಹೆಸರಿದೆ. ಜಾಗ ಮೈಸೂರು ವಿಶ್ವವಿದ್ಯಾಲಯದ್ದು, ಗುತ್ತಿಗೆಗೆ ಪಡೆದು ನಡೆಸೋದು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ.

2010ರ ಜನವರಿಯಲ್ಲಿ ಕರ್ನಾಟಕ ಮತ್ತು ಮುಂಬೈ ನಡುವಿನ ರಣಜಿ ಫೈನಲ್ ನಡೆದದ್ದು ಇಲ್ಲೇ. ಗೆಲ್ಲೋಕೆ 338 ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದರು. ಕರ್ನಾಟಕ 331ಕ್ಕೆ ಆಲೌಟ್ ಆಗಿ ಬರೀ ಆರು ರನ್‌ನಿಂದ ಸೋತಿತು. ಜನ ಕಿಕ್ಕಿರಿದು ನೋಡಿದ ಆ ಪಂದ್ಯವನ್ನು ಮೈಸೂರಿನವರು ಇವತ್ತಿಗೂ ಮರೆತಿಲ್ಲ.

ಈ ಮಾದರಿಯ ಲಾಭ ಸ್ಪಷ್ಟ. ಒಳ್ಳೆಯ ಪಿಚ್ ನೋಡಿಕೊಳ್ಳೋಕೆ ಬೇಕಾದ ದುಡ್ಡು, ಪರಿಣತಿ ಕ್ರಿಕೆಟ್ ಸಂಸ್ಥೆ ಹತ್ತಿರ ಇದೆ, ವಿಶ್ವವಿದ್ಯಾಲಯದ ಹತ್ತಿರ ಇಲ್ಲ. ತೊಡಕೂ ಅಷ್ಟೇ ಸ್ಪಷ್ಟ. ಕ್ಯಾಂಪಸ್ಸಿನೊಳಗಿನ ಅಂಗಳದಲ್ಲಿ ವಿದ್ಯಾರ್ಥಿಗೆ ಎಷ್ಟು ಹಕ್ಕು ಅನ್ನೋದನ್ನು ತೀರ್ಮಾನಿಸೋದು ಗುತ್ತಿಗೆ ಪತ್ರದ ಷರತ್ತುಗಳು. ಸರ್ಕಾರಿ ವಿಶ್ವವಿದ್ಯಾಲಯ ತನ್ನ ಜಾಗವನ್ನು ಯಾರಿಗೇ ಕೊಡಲಿ, ಕ್ರಿಕೆಟ್ ಇರಲಿ, ಈಜು ಇರಲಿ, ಟೆನಿಸ್ ಇರಲಿ, ಆ ಪತ್ರ ಸಾರ್ವಜನಿಕ ದಾಖಲೆ. ಆದರೆ ತಾನು ದಿನಾ ಹಾದುಹೋಗುವ ಅಂಗಳದ ಗುತ್ತಿಗೆ ಪತ್ರವನ್ನು ಕೇಳಿ ಓದಿದ ವಿದ್ಯಾರ್ಥಿ ಸಂಘಟನೆಗಳು ಎಷ್ಟಿವೆ? ಹಾಸ್ಟೆಲ್ ಊಟದ ಬಗ್ಗೆ ಕೇಳಿದಷ್ಟೇ ಗಟ್ಟಿಯಾಗಿ ಇದನ್ನೂ ಕೇಳಬಹುದು.

ಮೂಡುಬಿದಿರೆಯ ಲೆಕ್ಕ

ಈಗ ನಮ್ಮ ಊರಿನ ಮಾತು. ಶಿರ್ತಾಡಿ ಪೇಟೆಯಲ್ಲಿ ಬಸ್ಸು ಹತ್ತಿದರೆ ಮೂಡುಬಿದಿರೆಗೆ ಅರ್ಧ ಗಂಟೆಯ ದಾರಿ. ಅಲ್ಲಿನ ಸ್ವರಾಜ್ಯ ಮೈದಾನ ಯಾವುದೇ ಕಾಲೇಜಿನ ಕಾಂಪೌಂಡಿನೊಳಗಿನ ಜಾಗವಲ್ಲ, ಊರಿನ ಮೈದಾನ. ಸಿಂಥೆಟಿಕ್ ಟ್ರ್ಯಾಕ್ ಬಂದದ್ದು ಸರ್ಕಾರದ ದುಡ್ಡಿನಲ್ಲಿ. ಆ ಟ್ರ್ಯಾಕಿಗೆ ದೇಶಮಟ್ಟದ ಹೆಸರು ತಂದದ್ದು ಆಳ್ವಾಸ್ ಶಿಕ್ಷಣ ಪ್ರತಿಷ್ಠಾನ ಎಂಬ ಖಾಸಗಿ ಸಂಸ್ಥೆಯ ಓಟಗಾರರು.

ಆಳ್ವಾಸ್ ಮಾಡಿದ್ದನ್ನು ಸಣ್ಣದು ಮಾಡುವಂತಿಲ್ಲ. ಕ್ರೀಡಾ ದತ್ತು ಯೋಜನೆಯಡಿ ಅದು ಪ್ರತಿಭೆ ಇರುವ ಮಕ್ಕಳಿಗೆ ಉಚಿತ ಓದು, ಊಟ, ವಸತಿ, ತರಬೇತಿ ಕೊಡುತ್ತೆ. ಅಮೆರಿಕದ ಶ್ರೀಮಂತ ವಿಶ್ವವಿದ್ಯಾಲಯಗಳು 11.7 ಸ್ಕಾಲರ್‌ಶಿಪ್ ತುಂಡು ಮಾಡಿ ಹಂಚುತ್ತಿದ್ದ ಕಾಲದಲ್ಲಿ ಇಲ್ಲಿ ಬಡವರ ಮನೆಯ ಮಕ್ಕಳಿಗೆ ಪೂರ್ತಿ ಖರ್ಚು ಸಿಗುತ್ತಿತ್ತು. ತಮಿಳುನಾಡಿನಿಂದ ಬಂದು ಇಲ್ಲಿ ಓದಿದ ಧರುಣ್ ಅಯ್ಯಸಾಮಿ 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಅನ್ನು 48.96 ಸೆಕೆಂಡಿನಲ್ಲಿ ಮುಗಿಸಿ ಬೆಳ್ಳಿ ಗೆದ್ದರು. ಮಂಗಳೂರು ವಿಶ್ವವಿದ್ಯಾಲಯ ಅಂತರ್ ವಿವಿ ಅಥ್ಲೆಟಿಕ್ಸ್‌ನಲ್ಲಿ ಮತ್ತೆ ಮತ್ತೆ ಸಮಗ್ರ ಪ್ರಶಸ್ತಿ ಎತ್ತಿದ್ದರ ಹಿಂದೆ ಇದೇ ಓಟಗಾರರಿದ್ದಾರೆ. 2020ರ ಕೂಟವನ್ನು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯ ಇಲ್ಲೇ ನಡೆಸಿತು. 2022ರ ಜನವರಿಯಲ್ಲಿ ಮಂಗಳೂರು ವಿಶ್ವವಿದ್ಯಾಲಯವೂ ಇಲ್ಲಿಗೇ ಬಂತು.

ಅಂದ್ರೆ ಮೂಡುಬಿದಿರೆಯಲ್ಲಿ ಮೂರು ಪಾಲುದಾರರು: ಟ್ರ್ಯಾಕ್ ಹಾಕಿಸಿದ ಸರ್ಕಾರ, ಓಟಗಾರರನ್ನು ಸಾಕಿದ ಖಾಸಗಿ ಸಂಸ್ಥೆ, ಪದಕದ ಪಟ್ಟಿಯಲ್ಲಿ ಹೆಸರು ಬರೆಸಿಕೊಳ್ಳುವ ವಿಶ್ವವಿದ್ಯಾಲಯ. ಮೂರೂ ಸೇರಿದ್ದಕ್ಕೇ ಇದು ಕೆಲಸ ಮಾಡಿತು. ಇದನ್ನು ಒಪ್ಪಿಕೊಂಡೇ ನಾಲ್ಕನೆಯವರ ಬಗ್ಗೆ ಕೇಳಬೇಕು. ಸಿದ್ದಕಟ್ಟೆ, ವೇಣೂರು, ನಾರಾವಿ, ಶಿರ್ತಾಡಿ ಕಡೆಯ ಸರ್ಕಾರಿ ಶಾಲೆಯ ಹುಡುಗಿ ತಾಲೂಕು ಮಟ್ಟದಲ್ಲಿ ಮೂರನೆಯವಳಾಗಿ ಬಂದಳು ಅಂದುಕೊಳ್ಳಿ. ದತ್ತು ಯೋಜನೆಗೆ ಆಯ್ಕೆ ಆಗೋಕೆ ಅದು ಸಾಲದು. ಆದರೆ ದಿನಾ ಓಡಿದರೆ ಮುಂದಿನ ವರ್ಷ ಆದಾಳು. ಅವಳು ಓಡೋದು ಎಲ್ಲಿ?

ಕರಾವಳಿಯಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖ ಇದೆ: ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಾಲೆಯ ಮಣ್ಣಿನ ಮೈದಾನ ಕೆಸರು, ಪಾಚಿ. ಶಾಲಾ ಕ್ರೀಡಾಕೂಟಗಳು ಶುರುವಾಗೋದೂ ಹೆಚ್ಚುಕಡಿಮೆ ಆ ಸಮಯಕ್ಕೇ. ನೀರು ಇಳಿದುಹೋಗುವ ಸಿಂಥೆಟಿಕ್ ಟ್ರ್ಯಾಕ್ ಹತ್ತಿರ ಇರುವವರಿಗೆ ವರ್ಷಕ್ಕೆ ಹನ್ನೆರಡು ತಿಂಗಳ ಅಭ್ಯಾಸ, ಇಲ್ಲದವರಿಗೆ ಎಂಟು. ಓಟದ ಗೆರೆಯಲ್ಲಿ ಇಬ್ಬರೂ ಒಟ್ಟಿಗೇ ನಿಲ್ತಾರೆ, ಆದರೆ ಒಬ್ಬಳು ನಾಲ್ಕು ತಿಂಗಳು ಹಿಂದೆ ನಿಂತಿರ್ತಾಳೆ.

ದತ್ತು ಯೋಜನೆ ಅನ್ನೋದು ಆಯ್ಕೆ. ಅದರಲ್ಲಿ ತಪ್ಪಿಲ್ಲ, ಖಾಸಗಿ ಸಂಸ್ಥೆ ತನ್ನ ದುಡ್ಡನ್ನು ಯಾರಿಗೆ ಕೊಡಬೇಕು ಅಂತ ತಾನೇ ಆರಿಸಬಹುದು. ಆದರೆ ಸಾರ್ವಜನಿಕ ಹಣದಲ್ಲಿ ಆದ ಟ್ರ್ಯಾಕ್ ಬಳಸೋದು ಹಕ್ಕು. ಆಯ್ಕೆಯನ್ನೂ ಹಕ್ಕನ್ನೂ ಬೆರೆಸಿಬಿಟ್ಟರೆ, ಆಯ್ಕೆ ಆಗದವರು ತಮಗೆ ಹಕ್ಕೇ ಇಲ್ಲ ಅಂದುಕೊಂಡು ಗೇಟಿನ ಹತ್ತಿರವೂ ಬರೋದಿಲ್ಲ.

ಬರೆದಿಡದಿದ್ದರೆ ಏನಾಗುತ್ತೆ

ಇದು ನಮ್ಮ ಊರಿನ ಸಮಸ್ಯೆ ಮಾತ್ರ ಅಲ್ಲ. ಬೆಂಗಳೂರಿನ ಕಂಠೀರವ ಕ್ರೀಡಾಂಗಣ ನೆನಪಿಸಿಕೊಳ್ಳಿ. ಫುಟ್‌ಬಾಲ್ ಕ್ಲಬ್ ಒಂದು ಅಲ್ಲಿ ಆಡೋಕೆ ಶುರು ಮಾಡಿದ ಮೇಲೆ, ಟ್ರ್ಯಾಕ್ ಸಿಗ್ತಿಲ್ಲ ಅಂತ ಅಥ್ಲೀಟುಗಳು, ಕೋಚುಗಳು ವರ್ಷಗಟ್ಟಲೆ ದೂರಿದರು, ವಿವಾದ ಹೈಕೋರ್ಟ್ ಮೆಟ್ಟಿಲೂ ಹತ್ತಿತು. ಅಲ್ಲಿ ಫುಟ್‌ಬಾಲ್ ಅಭಿಮಾನಿಗಳದ್ದೂ ತಪ್ಪಲ್ಲ, ಓಟಗಾರರದ್ದೂ ತಪ್ಪಲ್ಲ. ಯಾವ ಗಂಟೆ ಯಾರದ್ದು ಅನ್ನೋದನ್ನು ಮೊದಲೇ ಎಲ್ಲರೆದುರು ತೀರ್ಮಾನಿಸದಿದ್ದರೆ ಹೀಗೇ ಆಗೋದು.

2022ರ ಮೇ ತಿಂಗಳಲ್ಲಿ ದೆಹಲಿಯ ತ್ಯಾಗರಾಜ ಸ್ಟೇಡಿಯಂನಲ್ಲಿ ಹಿರಿಯ ಐಎಎಸ್ ಅಧಿಕಾರಿಯೊಬ್ಬರ ನಾಯಿ ವಾಕಿಂಗ್‌ಗಾಗಿ ಸಂಜೆ ಬೇಗನೆ ಅಥ್ಲೀಟುಗಳನ್ನು ಹೊರಗೆ ಕಳಿಸ್ತಾರೆ ಅನ್ನೋ ವರದಿ ಬಂತು. ದೇಶವೇ ಸಿಟ್ಟಾಯಿತು. ಅಧಿಕಾರಿಯ ವರ್ಗಾವಣೆ ಆಯಿತು. ಆದರೆ ಅದಕ್ಕಿಂತ ಮುಖ್ಯವಾಗಿ, ದೆಹಲಿ ಸರ್ಕಾರ ತನ್ನ ಸ್ಟೇಡಿಯಂಗಳು ರಾತ್ರಿ 10ರವರೆಗೆ ಆಟಗಾರರಿಗೆ ತೆರೆದಿರಬೇಕು ಅಂತ ಆದೇಶ ಮಾಡಿತು. ಸಿಟ್ಟು ನಾಲ್ಕು ದಿನ ಇರುತ್ತೆ. ಸಮಯ ನಮೂದಿಸಿದ ಆದೇಶ ಅದಕ್ಕಿಂತ ಹೆಚ್ಚು ದಿನ ಬಾಳುತ್ತೆ.

ನಮ್ಮ ಕಾನೂನಿನಲ್ಲಿ ಏನೂ ಇಲ್ಲ ಅಂತಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ ಇರಬೇಕು ಅಂತಿದೆ. ಆಟದ ಮೈದಾನ ಇಲ್ಲದೆ ಶಾಲೆ ಇರುವಂತಿಲ್ಲ ಅಂತ 2023ರಲ್ಲಿ ಹರಿಯಾಣದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೈದಾನ, ಉದ್ಯಾನಗಳನ್ನು ಬೇರೆ ಕೆಲಸಕ್ಕೆ ಬಳಸದಂತೆ ತಡೆಯೋಕೆ 1985ರ ಕರ್ನಾಟಕ ಕಾಯ್ದೆಯೂ ಇದೆ, ಅದು ಮುಖ್ಯವಾಗಿ ನಗರಗಳ ಜಾಗಕ್ಕೆ. ಇವೆಲ್ಲ ಮೈದಾನ ಇರಬೇಕು, ಉಳಿಯಬೇಕು ಅಂತ ಹೇಳುತ್ತವೆ. ಇರುವ ಮೈದಾನದಲ್ಲಿ ಯಾರಿಗೆ ಎಷ್ಟು ಹೊತ್ತು ಅನ್ನೋದನ್ನು ಹೇಳೋದಿಲ್ಲ. ಆ ಖಾಲಿ ಜಾಗವನ್ನು ತುಂಬಬೇಕಾದವರು ನಾವೇ.

ಹಾಗಾದ್ರೆ ಕೇಳಬೇಕಾದ್ದೇನು?

ಸಾರ್ವಜನಿಕ ಹಣ ಬಿದ್ದ ಯಾವ ಸ್ಟೇಡಿಯಂನ ಗೇಟಿನಲ್ಲೂ ಒಂದು ಬೋರ್ಡು ಇರಲಿ. ಜಾಗ ಯಾರ ಹೆಸರಲ್ಲಿದೆ, ಯಾರ ಹಣದಲ್ಲಿ ಕಟ್ಟಿದ್ದು, ನಿರ್ವಹಣೆ ಯಾರದ್ದು, ಯಾವ ಸಂಸ್ಥೆಗೆ ಯಾವ ಸಮಯ, ಉಳಿದ ಸಮಯ ಯಾರಿಗೆ, ದೂರು ಕೊಡೋದು ಯಾರಿಗೆ ಅನ್ನೋದು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಇದಕ್ಕೆ ಕೋಟಿ ರೂಪಾಯಿ ಬೇಡ, ಪೇಂಟು ಸಾಕು.

ಎರಡನೆಯದು, ಸುತ್ತಲಿನ ಸರ್ಕಾರಿ ಶಾಲೆಗಳಿಗೆ ವಾರಕ್ಕೆ ಇಂತಿಷ್ಟು ಗಂಟೆ ಅಂತ ಬರಹದಲ್ಲಿ ಮೀಸಲಿರಲಿ. ಅದರಲ್ಲಿ ಹೆಣ್ಣುಮಕ್ಕಳ ಪಾಲು ಪ್ರತ್ಯೇಕವಾಗಿ ನಮೂದಾಗಿರಲಿ. ಮಳೆಗಾಲದಲ್ಲಿ ಆ ಗಂಟೆಗಳು ಜಾಸ್ತಿ ಇರಲಿ. ಹಳ್ಳಿಯಿಂದ ಬರುವ ಮಕ್ಕಳಿಗೆ ಸಂಜೆಯ ಕೊನೆಯ ಬಸ್ಸಿನ ಹೊತ್ತಿಗೆ ಸರಿಹೋಗುವ ಸಮಯ ಇರಲಿ. ರಾತ್ರಿ ಏಳೂವರೆಯ ಸ್ಲಾಟು ಕೊಟ್ಟು ಅವಕಾಶ ಕೊಟ್ಟಿದ್ದೀವಿ ಅಂದ್ರೆ ಪ್ರಯೋಜನ ಇಲ್ಲ.

ಮೂರನೆಯದು, ನಿರ್ವಹಣೆಯ ಲೆಕ್ಕ. ಸಿಂಥೆಟಿಕ್ ಟ್ರ್ಯಾಕಿನ ಆಯುಷ್ಯ ಸಾಮಾನ್ಯವಾಗಿ ಎಂಟು-ಹತ್ತು ವರ್ಷ. ಆಮೇಲೆ ಮೇಲ್ಪದರ ಹೊಸದು ಹಾಕಬೇಕು. ಹೆಚ್ಚು ಬಳಸುವ ಸಂಸ್ಥೆ ಹೆಚ್ಚು ಕೊಡಲಿ, ಊರಿನ ಮಗು ಪುಕ್ಕಟೆ ಓಡಲಿ. ಟ್ರ್ಯಾಕ್ ಹಾಳಾಗುತ್ತೆ ಅನ್ನೋ ನೆಪಕ್ಕೆ ಬೀಗ ಹಾಕೋದಕ್ಕಿಂತ, ಸ್ಪೈಕ್ಸ್ ಯಾವುದಿರಬೇಕು, ಒಳಗಿನ ಲೇನ್ ಯಾರಿಗೆ ಅಂತ ನಿಯಮ ಮಾಡಿ ಒಬ್ಬ ನೌಕರನನ್ನು ನಿಲ್ಲಿಸೋದು ಒಳ್ಳೇದು.

ಇದನ್ನೆಲ್ಲ ಶುರು ಮಾಡೋಕೆ ದೊಡ್ಡ ಚಳವಳಿ ಬೇಕಾಗಿಲ್ಲ. ಹತ್ತು ರೂಪಾಯಿಯ ಒಂದು ಮಾಹಿತಿ ಹಕ್ಕು ಅರ್ಜಿ ಸಾಕು. ನಿಮ್ಮ ತಾಲೂಕಿನ ಸರ್ಕಾರಿ ಕ್ರೀಡಾಂಗಣದ ಬಳಕೆಯ ಒಪ್ಪಂದ, ಸಮಯಪಟ್ಟಿ, ಕಳೆದ ಮೂರು ವರ್ಷದ ನಿರ್ವಹಣೆ ಖರ್ಚು ಕೊಡಿ ಅಂತ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೆ ಬರೆಯಿರಿ. ಕಾನೂನಿನ ಪ್ರಕಾರ ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಒಪ್ಪಂದ ಇದ್ದರೆ ಅದನ್ನು ನಿಮ್ಮ ಗ್ರಾಮಸಭೆಯಲ್ಲಿ ಓದಿ ಹೇಳಿ. ಒಪ್ಪಂದವೇ ಇಲ್ಲ ಅಂತ ಉತ್ತರ ಬಂದರೆ, ಅದನ್ನು ಬರೆಸುವ ಕೆಲಸ ಅಲ್ಲಿಂದಲೇ ಶುರು ಮಾಡಿ.